ಒಂದು ಸಲಕ್ಕೆ ಎಷ್ಟು ಹೊರಬೇಕು? – ಕಂಪ್ಯೂಟರ್ ಕೊಠಡಿಯ ನಿಧಾನವನ್ನು ಪಾಠವಾಗಿಸಿದ ಅನುಭವ

ಬೋಧನಾಭ್ಯಾಸಕ್ಕಾಗಿ ನನಗೆ ಕೊಟ್ಟಿದ್ದ ಪ್ರೌಢಶಾಲೆಯಲ್ಲಿ ನನ್ನ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಬಿ.ಎಸ್ಸಿ.ಯಲ್ಲಿ ಕಂಪ್ಯೂಟರ್ ವಿಜ್ಞಾನವನ್ನೂ ಓದಿದ್ದೆನೆಂದು ತಿಳಿದ ಮೇಲೆ ಮುಖ್ಯೋಪಾಧ್ಯಾಯರು 9ನೇ ತರಗತಿಯ ಕಂಪ್ಯೂಟರ್ ಅವಧಿಗಳನ್ನೂ ನನ್ನ ವೇಳಾಪಟ್ಟಿಗೆ ಸೇರಿಸಿದರು. ವಾರಕ್ಕೆ ಎರಡು ಅವಧಿ, ಒಂದೊಂದು 40 ನಿಮಿಷ. ಮಕ್ಕಳು ಸಾಲಾಗಿ ಬಂದು, ಚಪ್ಪಲಿ ಹೊರಗೆ ಬಿಟ್ಟು, ಒಂದು ಯಂತ್ರಕ್ಕೆ ಮೂವರಂತೆ ಕೂರುವ ಹೊತ್ತಿಗೆ ಎಂಟು ನಿಮಿಷ ಹೋಗಿರುತ್ತದೆ. ಆಮೇಲೆ ಶಬ್ದದ ಪಾಠಕ್ಕೆಂದು ನಾನು ಮಾಡಿಟ್ಟಿದ್ದ, ಚಿತ್ರಗಳು ತುಂಬಿದ 40 ಎಂಬಿಯ ಒಂದು ಪ್ರೆಸೆಂಟೇಶನ್ ತೆರೆಯಲು ಹೇಳಿದರೆ ಒಂದೂವರೆ ನಿಮಿಷ ಎಲ್ಲರೂ ಪರದೆ ನೋಡುತ್ತ ಕೂರಬೇಕು. ಮೂರು ಫೈಲ್ ತೆರೆಸಿದರೆ ಐದು ನಿಮಿಷ. ಆ ಐದು ನಿಮಿಷದಲ್ಲಿ ತರಗತಿ ಕೈತಪ್ಪುವುದು ಹೇಗೆಂದು ಬೋಧನಾಭ್ಯಾಸಕ್ಕೆ ಹೋಗಿ ಬಂದವರಿಗೆ ಹೇಳಬೇಕಾಗಿಲ್ಲ.

ಆ ನಿಧಾನಕ್ಕೆ ಕಾರಣ ಹುಡುಕಲು ಹೋಗಿ ನಾನು ಎರಡು ಪಾಠ ಮಾಡಿದೆ. ಮೊದಲನೆಯದರಲ್ಲಿ ತಪ್ಪು ಹೇಳಿಕೊಟ್ಟೆ. ಎರಡನೆಯದರಲ್ಲಿ ಅದನ್ನು ತಿದ್ದಿಕೊಂಡೆ. ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಕೊಠಡಿಯ ವ್ಯವಸ್ಥೆ ಹೀಗಿದೆ. 12 ಹಳೆಯ ಕಂಪ್ಯೂಟರುಗಳು, ಮೂಲೆಯಲ್ಲಿ 2 ಜಿಬಿ ಮೆಮೊರಿಯ ಒಂದು ಸರ್ವರ್, ನಡುವೆ ಸೆಕೆಂಡಿಗೆ 100 ಮೆಗಾಬಿಟ್ ಸಾಗಿಸುವ ಒಂದು ಸ್ವಿಚ್. ಎಲ್ಲದರಲ್ಲೂ ಲಿನಕ್ಸ್. ಮಕ್ಕಳ ಫೈಲುಗಳು ಇರುವುದು ಸರ್ವರಿನಲ್ಲಿ ಮಾತ್ರ. ಯಾವ ಮಗು ಯಾವ ಯಂತ್ರದ ಮುಂದೆ ಕೂತರೂ ತನ್ನ ಫೋಲ್ಡರ್ ಅಲ್ಲೇ ಕಾಣುತ್ತದೆ. ದೂರದ ಡಿಸ್ಕನ್ನು ತನ್ನದೇ ಡಿಸ್ಕ್ ಎನ್ನುವಂತೆ ತೋರಿಸುವ ಈ ಏರ್ಪಾಡಿಗೆ ಎನ್‌ಎಫ್‌ಎಸ್, ಅಂದರೆ ನೆಟ್‌ವರ್ಕ್ ಫೈಲ್ ಸಿಸ್ಟಮ್ ಎಂದು ಹೆಸರು. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1984ರಲ್ಲಿ ರೂಪಿಸಿದ್ದು. ಸರ್ವರಿನ ಫೋಲ್ಡರನ್ನು ಕ್ಲೈಂಟ್ ಯಂತ್ರಕ್ಕೆ ಜೋಡಿಸುವ ಕ್ರಿಯೆಯನ್ನು ಮೌಂಟ್ ಮಾಡುವುದು ಎನ್ನುತ್ತಾರೆ. ಯಂತ್ರ ಶುರುವಾಗುವಾಗ ಏನನ್ನು, ಯಾವ ಷರತ್ತಿನ ಮೇಲೆ ಮೌಂಟ್ ಮಾಡಬೇಕು ಎಂಬುದು ಎಫ್‌ಸ್ಟ್ಯಾಬ್ ಎಂಬ ಒಂದು ಸಣ್ಣ ಪಠ್ಯ ಫೈಲಿನಲ್ಲಿ ಇರುತ್ತದೆ.

ಪ್ರಯೋಗಾಲಯದ ಹೊಣೆ ಹೊತ್ತಿದ್ದ ಗಣಿತ ಶಿಕ್ಷಕರ ಅನುಮತಿ ಪಡೆದು ಆ ಫೈಲನ್ನು ತೆರೆದು ನೋಡಿದೆ. ಹಿಂದೆ ಯಾರೋ ಬರೆದಿಟ್ಟ ಎರಡು ಷರತ್ತುಗಳು ಅಲ್ಲಿದ್ದವು: ಆರ್‌ಸೈಜ್ 1024, ಡಬ್ಲ್ಯೂಸೈಜ್ 1024. ಮೊದಲನೆಯದು, ಓದುವಾಗ ಕ್ಲೈಂಟ್ ಒಂದು ಕೋರಿಕೆಯಲ್ಲಿ ಸರ್ವರನ್ನು ಎಷ್ಟು ಬೈಟ್ ಕೇಳಬಹುದು ಎಂಬ ಮಿತಿ. ಎರಡನೆಯದು, ಬರೆಯುವಾಗ ಒಂದು ಸಲಕ್ಕೆ ಎಷ್ಟು ಬೈಟ್ ಕಳಿಸಬಹುದು ಎಂಬ ಮಿತಿ. 40 ಎಂಬಿ ಎಂದರೆ 4,19,43,040 ಬೈಟ್. ಒಂದು ಸಲಕ್ಕೆ 1024 ಆದರೆ 40,960 ಸಲ ಕೇಳಬೇಕು! ಕಾರಣ ಸಿಕ್ಕಿತು ಎಂದು ಖುಷಿಯಾಯಿತು. ನಾಳೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೆ ಎಂದುಕೊಂಡು ರಾತ್ರಿ ಪಾಠಯೋಜನೆ ಬರೆದೆ.

ಮರುದಿನ ನಮ್ಮ ವಿಧಾನ ಬೋಧಕರು ವೀಕ್ಷಣೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮಕ್ಕಳ ಎದುರಿಗೇ ಒಂದು ಯಂತ್ರದಲ್ಲಿ ಆ ಪ್ರೆಸೆಂಟೇಶನ್ ಫೈಲನ್ನು ಸರ್ವರಿನಿಂದ ಕ್ಲೈಂಟಿನ ಸ್ವಂತ ಡಿಸ್ಕಿಗೆ ನಕಲು ಮಾಡಿದೆ. ಫೋನಿನ ಸ್ಟಾಪ್‌ವಾಚ್ ಹಿಡಿದ ಹುಡುಗ 20 ಸೆಕೆಂಡ್ ಎಂದ. ಎಫ್‌ಸ್ಟ್ಯಾಬ್ ತೆರೆದು 1024 ಇದ್ದಲ್ಲಿ 32768 ಎಂದು ಬರೆದು ಉಳಿಸಿದೆ. ಮತ್ತೆ ನಕಲು ಮಾಡಿದೆ. ಸ್ಟಾಪ್‌ವಾಚ್ ಒತ್ತುವಷ್ಟರಲ್ಲಿ ಮುಗಿದಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಕರಿಹಲಗೆಯ ಮೇಲೆ ದೊಡ್ಡದಾಗಿ, ಒಂದು ಸಲಕ್ಕೆ ಹೆಚ್ಚು ತಂದರೆ ಕೆಲಸ ಬೇಗ ಆಗುತ್ತದೆ ಎಂದು ಬರೆದೆ.

ಆಗ ಕಿಟಕಿಯ ಪಕ್ಕದ ಯಂತ್ರದಲ್ಲಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ನಮ್ಮ ಕಂಪ್ಯೂಟರಲ್ಲೂ ಎರಡ್ನೇ ಸಲ ತಕ್ಷಣ ಬಂತು. ನೀವು ಇದಕ್ಕೆ ಏನೂ ಮಾಡಿಲ್ವಲ್ಲ?"

ನಾನು ಹೋಗಿ ನೋಡಿದೆ. ಅವಳ ಯಂತ್ರದಲ್ಲಿ 1024 ಹಾಗೇ ಇತ್ತು. ನನ್ನನ್ನು ನೋಡಿ ಅವಳೂ ಅದೇ ಫೈಲನ್ನು ಎರಡು ಸಲ ನಕಲು ಮಾಡಿದ್ದಳು. ಮೊದಲ ಸಲ ಹೊತ್ತಾಗಿತ್ತು, ಎರಡನೇ ಸಲ ಒಂದು ಸೆಕೆಂಡೂ ಆಗಲಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ. "ಒಳ್ಳೇ ಪ್ರಶ್ನೆ, ನಾಳೆ ನೋಡೋಣ" ಎಂದೆ. ಉತ್ತರ ಗೊತ್ತಿಲ್ಲದಾಗ ನಾವೆಲ್ಲ ಹೇಳುವ ಮಾತೇ ಅದು. ವಿಧಾನ ಬೋಧಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: "ಆ ಹುಡುಗಿ ಮಾಡಿದ್ದನ್ನು ನೀವು ಯಾಕೆ ಮಾಡಲಿಲ್ಲ?"

ಸಂಜೆ ಕೂತು ಯೋಚಿಸಿದಾಗ ಎರಡು ತಪ್ಪು ಕಂಡವು. ಮೊದಲನೆಯದು, ಎಫ್‌ಸ್ಟ್ಯಾಬಿನಲ್ಲಿ ಬರೆದ ಮಾತ್ರಕ್ಕೆ ಏನೂ ಬದಲಾಗುವುದಿಲ್ಲ. ಆಗಲೇ ಮೌಂಟ್ ಆಗಿರುವ ಫೋಲ್ಡರನ್ನು ಬಿಡಿಸಿ ಹೊಸದಾಗಿ ಮೌಂಟ್ ಮಾಡಿದಾಗಲೇ ಹೊಸ ಗಾತ್ರ ಜಾರಿಗೆ ಬರುವುದು. ಅಂದರೆ ನನ್ನ ಎರಡನೇ ನಕಲೂ 1024ರಲ್ಲೇ ನಡೆದಿತ್ತು. ಎರಡನೆಯದು, ಅದು ಸರ್ವರಿನಿಂದ ಬಂದದ್ದೇ ಅಲ್ಲ. ಒಮ್ಮೆ ಓದಿದ ಫೈಲನ್ನು ಕ್ಲೈಂಟ್ ತನ್ನ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಇದೇ ಕ್ಯಾಶ್. ಮತ್ತೆ ಕೇಳಿದಾಗ ಫೈಲ್ ಬದಲಾಗಿದೆಯೇ ಎಂದಷ್ಟೇ ಸರ್ವರನ್ನು ವಿಚಾರಿಸಿ, ಬದಲಾಗಿಲ್ಲವೆಂದರೆ ತನ್ನಲ್ಲಿರುವುದನ್ನೇ ಕೊಟ್ಟುಬಿಡುತ್ತದೆ. 40 ಎಂಬಿಯಲ್ಲಿ ಒಂದು ಬೈಟೂ ತಂತಿಯ ಮೇಲೆ ಹರಿದಿರಲಿಲ್ಲ. ಬಿ.ಎಸ್ಸಿ.ಯಲ್ಲಿ ಕ್ಯಾಶ್ ಬಗ್ಗೆ ಹತ್ತು ಅಂಕದ ಉತ್ತರ ಬರೆದಿದ್ದೆ. ಕಣ್ಣೆದುರು ಬಂದಾಗ ಗುರುತು ಹಿಡಿಯಲಿಲ್ಲ.

ಭೌತವಿಜ್ಞಾನದ ಪ್ರಯೋಗದಲ್ಲಿ ಒಂದು ಚರಾಂಶವನ್ನು ಮಾತ್ರ ಬದಲಿಸಿ ಉಳಿದವನ್ನು ಸ್ಥಿರವಾಗಿಡಬೇಕು ಎಂದು ಮಕ್ಕಳಿಗೆ ಹೇಳುವವಳು ನಾನೇ. ಇಲ್ಲಿ ನಾನು ಬದಲಿಸಿದ್ದೇನೆ ಎಂದುಕೊಂಡದ್ದು ಬದಲಾಗಿರಲಿಲ್ಲ. ಬದಲಾಗಿಲ್ಲ ಎಂದುಕೊಂಡದ್ದು ಬದಲಾಗಿತ್ತು. ಏನನ್ನೂ ಬದಲಿಸದೆ ಎರಡು ಸಲ ನಕಲು ಮಾಡಿ ನೋಡಿದ ಆ ಹುಡುಗಿ ನಿಯಂತ್ರಿತ ಪ್ರಯೋಗ ಮಾಡಿದ್ದಳು.

ಮುಂದಿನ ಅವಧಿಯನ್ನು ಅಲ್ಲಿಂದಲೇ ಶುರು ಮಾಡಿದೆ. ಹಿಂದಿನ ಪಾಠದಲ್ಲಿ ನಾನು ಹಲಗೆಯ ಮೇಲೆ ಬರೆದ ವಾಕ್ಯಕ್ಕೆ ನಾನು ತೋರಿಸಿದ್ದು ಪುರಾವೆಯೇ ಅಲ್ಲ, ಯಾಕೆ ಅಲ್ಲವೆಂದು ನಿಮ್ಮ ಗೆಳತಿಯೇ ತೋರಿಸಿಕೊಟ್ಟಿದ್ದಾಳೆ ಎಂದೆ. ಶಿಕ್ಷಕಿ ತಪ್ಪೊಪ್ಪಿಕೊಂಡರೆ ತರಗತಿಯಲ್ಲಿ ಶಿಸ್ತು ಹೋಗುತ್ತದೆ ಎಂಬ ಭಯ ನನಗಿತ್ತು. ಹಾಗಾಗಲಿಲ್ಲ. ಆ ದಿನವಿಡೀ ಮಕ್ಕಳು ನನ್ನ ಪ್ರತಿ ಮಾತನ್ನೂ ಅನುಮಾನದಿಂದ ನೋಡಿದರು, ಅಷ್ಟೇ. ಅದು ನನಗೆ ಬೇಕಾಗಿಯೇ ಇತ್ತು.

ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಚಟುವಟಿಕೆ ಮಾಡಿಸಿದೆ. ಸ್ಟಾಫ್ ರೂಮಿನಲ್ಲಿ ತಿದ್ದಿಟ್ಟ 40 ನೋಟ್‌ಬುಕ್‌ಗಳಿದ್ದವು. ಪ್ರಯೋಗಾಲಯದಿಂದ ಅಲ್ಲಿಗೆ ಹೋಗಿ ಬರಲು ಒಬ್ಬ ಹುಡುಗನಿಗೆ 30 ಸೆಕೆಂಡ್ ಹಿಡಿಯಿತು. ಒಂದು ಸಲಕ್ಕೆ ಒಂದೇ ಪುಸ್ತಕ ತಂದರೆ 40 ಓಡಾಟ, 20 ನಿಮಿಷ. ಐದರಂತೆ ತಂದರೆ 8 ಓಡಾಟ, 4 ನಿಮಿಷ. ಹತ್ತರಂತೆ 2 ನಿಮಿಷ, ಇಪ್ಪತ್ತರಂತೆ 1 ನಿಮಿಷ, ನಲವತ್ತನ್ನೂ ಒಟ್ಟಿಗೆ ತಂದರೆ 30 ಸೆಕೆಂಡ್. ಇದು ಮಕ್ಕಳು 8ನೇ ತರಗತಿಯಲ್ಲಿ ಓದಿದ ವಿಲೋಮ ಅನುಪಾತವೇ. ಬಿಂದುಗಳನ್ನು ಗುರುತಿಸಿ ನಕ್ಷೆ ಎಳೆಸಿದೆ. ನಕ್ಷೆಯ ಆಕಾರವನ್ನು ಮಾತಿನಲ್ಲಿ ಹೇಳಿ ಎಂದಾಗ ಒಬ್ಬ, "ಮೊದ್ಲು ದಬಕ್ಕಂತ ಇಳಿಯುತ್ತೆ, ಆಮೇಲೆ ಮಲಗುತ್ತೆ ಮಿಸ್" ಎಂದ. ನನಗೆ ಬೇಕಾಗಿದ್ದುದು ಆ ಮಾತೇ. ಒಂದರಿಂದ ಐದಕ್ಕೆ ಹೋದಾಗ 16 ನಿಮಿಷ ಉಳಿಯಿತು. ಇಪ್ಪತ್ತರಿಂದ ನಲವತ್ತಕ್ಕೆ ಹೋದಾಗ ಉಳಿದದ್ದು ಅರ್ಧ ನಿಮಿಷ.

ಈಗ ಇದನ್ನೇ ಕಂಪ್ಯೂಟರಿಗೆ ಅನ್ವಯಿಸಿದೆವು. ಇಲ್ಲಿ ಒಂದು ವ್ಯತ್ಯಾಸವಿದೆ. ಪುಸ್ತಕ ಎಷ್ಟೇ ಇದ್ದರೂ ಹುಡುಗ ನಡೆಯುವ ಹೊತ್ತು ಅಷ್ಟೇ. ಆದರೆ ಬೈಟುಗಳು ತಂತಿಯಲ್ಲಿ ಒಂದರ ಹಿಂದೆ ಒಂದು ಬರಬೇಕು, ಅದಕ್ಕೂ ಹೊತ್ತು ಬೇಕು. ಹಾಗಾಗಿ ಒಟ್ಟು ಸಮಯಕ್ಕೆ ಎರಡು ಪಾಲು: ಓಡಾಟಗಳ ಸಂಖ್ಯೆಯನ್ನು ಒಂದು ಓಡಾಟದ ಸ್ಥಿರ ಸಮಯದಿಂದ ಗುಣಿಸಿದ್ದು, ಅದಕ್ಕೆ ಕೂಡಿಸಿದ ಸಾಗಣೆಯ ಸಮಯ. ಕೋರಿಕೆ ಹೋಗಿ, ಸರ್ವರ್ ಅದನ್ನು ಓದಿ, ಉತ್ತರ ಹೊರಡುವ ಸ್ಥಿರ ಸಮಯವನ್ನು ಅರ್ಧ ಮಿಲಿಸೆಕೆಂಡ್ ಎಂದಿಟ್ಟುಕೊಂಡೆವು. ಸೆಕೆಂಡಿಗೆ 100 ಮೆಗಾಬಿಟ್ ಎಂದರೆ 1,25,00,000 ಬೈಟ್. ನಮ್ಮ ಫೈಲಿನ ಸಾಗಣೆಗೆ ಸುಮಾರು 3.4 ಸೆಕೆಂಡ್. ಇದು ಗಾತ್ರ ಏನೇ ಇಟ್ಟರೂ ತಪ್ಪದ ಖರ್ಚು. ಇದರ ಮೇಲೆ ಓಡಾಟದ ಖರ್ಚು ಕೂಡಿಸುತ್ತ ಹೋದೆವು. 1024 ಬೈಟಿಗೆ 40,960 ಕೋರಿಕೆ, 20.5 ಸೆಕೆಂಡ್, ಒಟ್ಟು ಸುಮಾರು 24. 8192ಕ್ಕೆ 5,120 ಕೋರಿಕೆ, ಒಟ್ಟು ಸುಮಾರು 6. 32768ಕ್ಕೆ 1,280 ಕೋರಿಕೆ, ಒಟ್ಟು 4. 2,62,144ಕ್ಕೆ 160 ಕೋರಿಕೆ, ಒಟ್ಟು ಮತ್ತೆ ಸುಮಾರು 3.4. ಕೊನೆಯ ಹಂತದಲ್ಲಿ ಕೋರಿಕೆಗಳು ಎಂಟು ಪಟ್ಟು ಕಡಿಮೆಯಾದರೂ ಸಮಯ ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಇಳಿಯಿತು, ಅಷ್ಟೇ. ಮಕ್ಕಳೇ ಇದನ್ನು ನೋಟ್‌ಬುಕ್ಕಿನ ನಕ್ಷೆಯ ಪಕ್ಕದಲ್ಲಿ ಎಳೆದು, ಈ ರೇಖೆ ಸೊನ್ನೆಯ ಕಡೆಗೆ ಹೋಗದೆ 3.4ರ ಮೇಲೆ ನಿಂತುಬಿಡುತ್ತದೆ ಎಂದು ಗುರುತಿಸಿದರು.

ಇದು ಸರಳ ಮಾದರಿ ಎಂಬುದನ್ನು ಮರೆಯಬಾರದು. ನಿಜವಾದ ಕ್ಲೈಂಟ್ ಒಂದು ಉತ್ತರ ಬರುವವರೆಗೆ ಸುಮ್ಮನೆ ಕೂರುವುದಿಲ್ಲ. ಫೈಲನ್ನು ಸಾಲಾಗಿ ಓದಲಾಗುತ್ತಿದೆ ಎಂದು ಕಂಡರೆ ಮುಂದಿನ ಭಾಗಗಳನ್ನೂ ಮುಂಚೆಯೇ ಕೇಳಿಡುತ್ತದೆ. ಆದ್ದರಿಂದ ಸಣ್ಣ ಗಾತ್ರದ ನಷ್ಟ ಲೆಕ್ಕದಲ್ಲಿ ಕಂಡಷ್ಟು ಇರುವುದಿಲ್ಲ.

ಅಷ್ಟರಲ್ಲಿ ಕಾಯುತ್ತಿದ್ದ ಪ್ರಶ್ನೆ ಬಂತು: "ಮತ್ತೆ 1024 ಅಂತ ಬರೆದೋರು ದಡ್ಡರಾ ಮಿಸ್?"

ಅಲ್ಲ. ಈ ಭಾಗವನ್ನು ನಾನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಕಂಪ್ಯೂಟರ್ ಪಾಠ ಸಂಭವನೀಯತೆಯ ಪಾಠವೂ ಆಗುತ್ತದೆ. ಈಥರ್ನೆಟ್ ತಂತಿಯ ಮೇಲೆ ಒಂದು ಪ್ಯಾಕೆಟ್ ಸಾಮಾನ್ಯವಾಗಿ 1500 ಬೈಟಿಗಿಂತ ದೊಡ್ಡದಿರುವಂತಿಲ್ಲ. ಹಿಂದೆ ಎನ್‌ಎಫ್‌ಎಸ್ ಹೆಚ್ಚಾಗಿ ಯುಡಿಪಿ ಎಂಬ ವಿಧಾನದ ಮೇಲೆ ನಡೆಯುತ್ತಿತ್ತು. 8192 ಬೈಟಿನ ಒಂದು ಉತ್ತರ ಯುಡಿಪಿಯಲ್ಲಿ ಹೊರಟರೆ ಅದು 6 ತುಂಡುಗಳಾಗಿ ಹೋಗಬೇಕು. 32768 ಬೈಟಿನ ಉತ್ತರ 23 ತುಂಡುಗಳಾಗುತ್ತದೆ. ಯುಡಿಪಿಯಲ್ಲಿ ಕಳೆದ ತುಂಡನ್ನು ಮಾತ್ರ ಮತ್ತೆ ಕೇಳುವ ವ್ಯವಸ್ಥೆ ಇಲ್ಲ. ಒಂದು ತುಂಡು ಬರದಿದ್ದರೂ ಬಂದ ಉಳಿದವೆಲ್ಲ ವ್ಯರ್ಥ. ಕ್ಲೈಂಟ್ ಸ್ವಲ್ಪ ಹೊತ್ತು ಕಾದು ನೋಡಿ ಇಡೀ ಕೋರಿಕೆಯನ್ನೇ ಮತ್ತೆ ಕಳಿಸಬೇಕು. ಆ ಕಾಯುವಿಕೆ ಅರ್ಧ ಮಿಲಿಸೆಕೆಂಡಿನ ಮುಂದೆ ಒಂದು ಯುಗ.

ಇದನ್ನು ತೋರಿಸಲು ನೋಟ್‌ಬುಕ್ಕಿನ ಆಟಕ್ಕೆ ಒಂದು ನಿಯಮ ಸೇರಿಸಿದೆ: ದಾರಿಯಲ್ಲಿ ಒಂದು ಪುಸ್ತಕ ಬಿದ್ದರೂ ಎಲ್ಲವನ್ನೂ ವಾಪಸ್ ಸ್ಟಾಫ್ ರೂಮಿಗೆ ಒಯ್ದು ಮತ್ತೆ ತರಬೇಕು. ನಲವತ್ತನ್ನೂ ಗಲ್ಲದವರೆಗೆ ಪೇರಿಸಿಕೊಂಡು ಹೊರಟ ಹುಡುಗ ಹೊಸ್ತಿಲಲ್ಲೇ ಕೆಡವಿದ. ಎರಡನೇ ಸಲವೂ ಕೆಡವಿದ. (ಪಕ್ಕದ ತರಗತಿಯ ಶಿಕ್ಷಕರು ಬಂದು ಇಣುಕಿ ಹೋದರು.) ಹತ್ತರಂತೆ ತಂದವಳು ಅಷ್ಟರಲ್ಲಿ ಮುಗಿಸಿದ್ದಳು.

ಲೆಕ್ಕ ಹೀಗೆ. ನೂರು ತುಂಡುಗಳಲ್ಲಿ ಒಂದು ಕಳೆಯುವ ಕೆಟ್ಟ ಜಾಲ ಎಂದುಕೊಳ್ಳಿ. 1024 ಬೈಟಿನ ಉತ್ತರ ಒಂದೇ ಪ್ಯಾಕೆಟ್ಟಿನಲ್ಲಿ ಹಿಡಿಸುತ್ತದೆ. ಅದು ಸುರಕ್ಷಿತವಾಗಿ ತಲುಪುವ ಸಂಭವನೀಯತೆ 0.99. ಆರು ತುಂಡುಗಳೂ ತಲುಪುವುದು 0.99ರ ಆರನೇ ಘಾತ, ಸುಮಾರು 0.94. ಇಪ್ಪತ್ತಮೂರೂ ತಲುಪುವುದು ಸುಮಾರು 0.79. ಅಂದರೆ ಐದರಲ್ಲಿ ಒಂದು ಉತ್ತರವನ್ನು ಪೂರ್ತಿ ಮತ್ತೆ ತರಿಸಬೇಕು. ಪ್ರಯೋಗಾಲಯದ ಹೊಣೆಯ ಶಿಕ್ಷಕರನ್ನು ಕೇಳಿದಾಗ, ಮೊದಲು ಅಲ್ಲಿ ಸ್ವಿಚ್ ಇರಲಿಲ್ಲ, ಒಂದು ಹಳೆಯ ಹಬ್ ಇತ್ತು, ಒಂದೆರಡು ತಂತಿಗಳನ್ನು ಇಲಿ ಕಡಿದಿತ್ತು ಎಂದರು. ಅಂಥ ಜಾಲದಲ್ಲಿ ತುಂಡಾಗದ ಗಾತ್ರವನ್ನು ಆರಿಸಿದ್ದು ಜಾಣತನವೇ. ಹಬ್ ಹೋಯಿತು, ತಂತಿ ಬದಲಾಯಿತು, ಸಂಖ್ಯೆ ಮಾತ್ರ ಉಳಿಯಿತು. ಅವರು ಕಾರಣವನ್ನೂ ಪಕ್ಕದಲ್ಲಿ ಬರೆದಿಟ್ಟಿದ್ದರೆ ನಮಗೆ ಕೆಲಸ ಸುಲಭವಾಗುತ್ತಿತ್ತು.

ಈಗಿನ ಲಿನಕ್ಸ್ ಯಂತ್ರಗಳು ಎನ್‌ಎಫ್‌ಎಸ್‌ಗೆ ತಾವಾಗಿಯೇ ಟಿಸಿಪಿ ವಿಧಾನವನ್ನು ಬಳಸುತ್ತವೆ. ಅದರಲ್ಲಿ ಕಳೆದ ಭಾಗವನ್ನಷ್ಟೇ ಮತ್ತೆ ಕಳಿಸಲಾಗುತ್ತದೆ, ಹಾಗಾಗಿ ದೊಡ್ಡ ಗಾತ್ರದ ಭಯ ಕಡಿಮೆ. ಎನ್‌ಎಫ್‌ಎಸ್‌ನ ಎರಡನೇ ಆವೃತ್ತಿಯಲ್ಲಿ ಒಂದು ಕೋರಿಕೆಗೆ 8192 ಬೈಟಿನ ಮಿತಿ ಇತ್ತು. 1995ರಲ್ಲಿ ಪ್ರಕಟವಾದ ಮೂರನೇ ಆವೃತ್ತಿ ಆ ಮಿತಿಯನ್ನು ತೆಗೆದು, ಎಷ್ಟು ಬೇಕೆಂಬುದನ್ನು ಕ್ಲೈಂಟ್ ಮತ್ತು ಸರ್ವರ್ ತಮ್ಮಲ್ಲೇ ಮಾತಾಡಿಕೊಳ್ಳಲು ಬಿಟ್ಟಿತು. ಲಿನಕ್ಸ್‌ನಲ್ಲಿ ಬಹಳ ಕಾಲ ಗರಿಷ್ಠ ಮಿತಿ 10,48,576 ಬೈಟ್, ಅಂದರೆ 1 ಎಂಬಿ ಇತ್ತು.

ಇನ್ನು ಅಳತೆ. ಈ ಸಲ ಮಕ್ಕಳೊಂದಿಗೆ ಮೊದಲು ನಿಯಮ ಮಾಡಿಕೊಂಡೆವು. ಪ್ರತಿ ಅಳತೆಗೂ ಮುನ್ನ ಫೋಲ್ಡರನ್ನು ಬಿಡಿಸಿ ಹೊಸ ಗಾತ್ರದೊಂದಿಗೆ ಮೌಂಟ್ ಮಾಡಬೇಕು. ಹಾಗೆ ಬಿಡಿಸಿದಾಗ ಕ್ಲೈಂಟಿನ ಕ್ಯಾಶ್ ಕೂಡ ಖಾಲಿಯಾಗುತ್ತದೆ. ಆಗ ಯಾರೂ ಆ ಫೋಲ್ಡರಿನ ಫೈಲನ್ನು ತೆರೆದಿಟ್ಟಿರಬಾರದು. ಓದಿದ್ದನ್ನು ಡಿಸ್ಕಿಗೆ ಬರೆಯದೆ ಎಸೆಯಬೇಕು, ಇಲ್ಲದಿದ್ದರೆ ಕ್ಲೈಂಟಿನ ಡಿಸ್ಕಿನ ವೇಗವೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಲಿನಕ್ಸ್‌ನ ಡಿಡಿ ಆಜ್ಞೆಯಿಂದ ಇದು ಸಾಧ್ಯ. ಸರ್ವರ್ ಕೂಡ ಫೈಲನ್ನು ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುವುದರಿಂದ ಮೊದಲ ಓದನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟೆವು. ಪ್ರತಿ ಗಾತ್ರಕ್ಕೆ ಮೂರು ಸಲ ಅಳೆದು ನಡುವಿನ ಬೆಲೆ ತೆಗೆದುಕೊಂಡೆವು. ಕೊನೆಯ ನಿಯಮ ಆ ಹುಡುಗಿಯದೇ: "ನಾವು ಬರೆದಿದ್ದು ನಿಜವಾಗ್ಲೂ ಆಗಿದ್ಯಾ ಅಂತ ನೋಡ್ಬೇಕು."

ಅದು ಮುಖ್ಯವಾಯಿತು. ಮೌಂಟ್ ಆದ ಮೇಲೆ ನಿಜವಾಗಿ ಯಾವ ಗಾತ್ರ ಜಾರಿಯಲ್ಲಿದೆ ಎಂದು ತೋರಿಸುವ ಎನ್‌ಎಫ್‌ಎಸ್‌ಸ್ಟ್ಯಾಟ್ ಎಂಬ ಆಜ್ಞೆ ಇದೆ. ನಾವು 10,48,576 ಕೇಳಿದಾಗ ಅದು ತೋರಿಸಿದ್ದು 2,62,144. ಕೇಳಿದ್ದರ ಕಾಲು ಭಾಗ. ಕಾರಣ ನಮ್ಮ ಸರ್ವರಿನ ಮೆಮೊರಿ. ಲಿನಕ್ಸ್ ಸರ್ವರ್ ತನ್ನ ಮೆಮೊರಿಯ 4096ನೇ ಒಂದು ಭಾಗಕ್ಕಿಂತ ಹೆಚ್ಚನ್ನು ಒಂದು ಕೋರಿಕೆಗೆ ಕೊಡಲು ಸುಮ್ಮನೆ ಒಪ್ಪುವುದಿಲ್ಲ. 2 ಜಿಬಿಯನ್ನು 4096ರಿಂದ ಭಾಗಿಸಿದರೆ 5,24,288 ಬರಬೇಕು. ಆದರೆ ಮೆಮೊರಿಯಲ್ಲಿ ಒಂದು ಪಾಲನ್ನು ಲಿನಕ್ಸ್ ತನಗೇ ಇಟ್ಟುಕೊಳ್ಳುವುದರಿಂದ ಲೆಕ್ಕಕ್ಕೆ ಸಿಗುವುದು 2 ಜಿಬಿಗಿಂತ ಸ್ವಲ್ಪ ಕಡಿಮೆ. ಆ ಸ್ವಲ್ಪಕ್ಕೆ ಅದು ಅರ್ಧಕ್ಕೆ ಇಳಿಸಿಬಿಡುತ್ತದೆ. ಎರಡರ ಘಾತಗಳನ್ನು ಕಲಿಸುವವರು ಈ ಉದಾಹರಣೆಯನ್ನು ಇಟ್ಟುಕೊಳ್ಳಬಹುದು.

ಸ್ಟಾಪ್‌ವಾಚಿನ ಫಲಿತಾಂಶ: 1024ಕ್ಕೆ ಸುಮಾರು 20 ಸೆಕೆಂಡ್, 8192ಕ್ಕೆ 6, 32768ಕ್ಕೆ 4, 2,62,144ಕ್ಕೂ 4. ಮಾದರಿ ಹೇಳಿದ 24ಕ್ಕಿಂತ 20 ಕಡಿಮೆ. ಮುಂಚೆಯೇ ಕೇಳಿಡುವ ಗುಣ ಕೆಲಸ ಮಾಡಿದೆ. 3.4 ಮಾತ್ರ ಸಿಗಲಿಲ್ಲ, ಯಾಕೆಂದರೆ ಪ್ರತಿ ಪ್ಯಾಕೆಟ್ಟಿನ ವಿಳಾಸ ಮುಂತಾದವೂ ತಂತಿಯಲ್ಲಿ ಜಾಗ ತಿನ್ನುತ್ತವೆ, ಬೆರಳು ಸ್ಟಾಪ್‌ವಾಚ್ ಒತ್ತುವುದಕ್ಕೂ ಹೊತ್ತು ಬೇಕು. ಹಿಂದಿನ ದಿನ ನಾನು ಹಲಗೆಯ ಮೇಲೆ ಬರೆದಿದ್ದ ವಾಕ್ಯದ ಮುಂದೆ ಮಕ್ಕಳೇ "ಒಂದು ಮಿತಿಯವರೆಗೆ" ಎಂದು ಸೇರಿಸಿದರು.

ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. 20 ಸೆಕೆಂಡ್ 4ಕ್ಕೆ ಇಳಿಯಿತಲ್ಲ, ಇನ್ನು ಎಲ್ಲ ಯಂತ್ರಗಳಲ್ಲೂ ಬದಲಿಸಿದರೆ ನನ್ನ ಐದು ನಿಮಿಷ ಒಂದಕ್ಕೆ ಇಳಿಯುತ್ತದೆ ಎಂದು ನಂಬಿದ್ದೆ. ಶನಿವಾರ ಮಧ್ಯಾಹ್ನ ನಿಂತು ಹನ್ನೆರಡರಲ್ಲೂ ಬದಲಿಸಿದೆ. ಸೋಮವಾರ ಹನ್ನೆರಡು ತಂಡಗಳೂ ಒಟ್ಟಿಗೆ ಓದಲು ಶುರು ಮಾಡಿದಾಗ ಮುಕ್ಕಾಲು ನಿಮಿಷ ಹಿಡಿಯಿತು. ಬದಲಿಸುವ ಮೊದಲು ಹೀಗೆ ಒಟ್ಟಿಗೆ ಓದಿದಾಗ ಒಂದು ನಿಮಿಷಕ್ಕೆ ಸ್ವಲ್ಪ ಕಡಿಮೆ ಹಿಡಿದಿತ್ತು. ಐದು ಪಟ್ಟು ಎಂದು ನಿರೀಕ್ಷಿಸಿದ್ದವಳಿಗೆ ಸಿಕ್ಕಿದ್ದು ಹತ್ತು ಸೆಕೆಂಡ್.

ಲೆಕ್ಕ ಮುಂಚೆಯೇ ಮಾಡಿದ್ದರೆ ಗೊತ್ತಾಗುತ್ತಿತ್ತು. ಹನ್ನೆರಡು ಯಂತ್ರಕ್ಕೆ 40 ಎಂಬಿಯಂತೆ 50,33,16,480 ಬೈಟ್, ಎಲ್ಲವೂ ಸರ್ವರಿನಿಂದ ಹೊರಡುವ ಒಂದೇ ತಂತಿಯಲ್ಲಿ ಬರಬೇಕು. ಸೆಕೆಂಡಿಗೆ 1,25,00,000ದಂತೆ ಸುಮಾರು 40 ಸೆಕೆಂಡ್. ಇದಕ್ಕಿಂತ ಕೆಳಗೆ ಯಾವ ಆರ್‌ಸೈಜೂ ಇಳಿಸಲಾರದು. ಒಂಟಿ ಯಂತ್ರ 1024ರಲ್ಲಿ ಓಡಾಡುವಾಗ ತಂತಿ ಬಹುಪಾಲು ಖಾಲಿ ಬಿದ್ದಿರುತ್ತಿತ್ತು. ಹನ್ನೆರಡು ಯಂತ್ರ ಒಟ್ಟಿಗೆ ಓಡಾಡಿದಾಗ ಒಂದರ ಬಿಡುವನ್ನು ಇನ್ನೊಂದು ತುಂಬಿ, ಸಣ್ಣ ಗಾತ್ರದಲ್ಲೂ ತಂತಿ ಆಗಲೇ ತುಂಬಿ ಹೋಗಿತ್ತು. ಒಂದು ಯಂತ್ರದಲ್ಲಿ ಅಳೆದು ಹನ್ನೆರಡಕ್ಕೆ ತೀರ್ಮಾನ ಮಾಡಿದ್ದು ನನ್ನ ಎರಡನೇ ತಪ್ಪು. ಪ್ರೆಸೆಂಟೇಶನ್ ತೆರೆಯುವ ಒಂದೂವರೆ ನಿಮಿಷದಲ್ಲಿ ಉಳಿದ ಪಾಲು ಆ ಹಳೆಯ ಯಂತ್ರಗಳು ಚಿತ್ರಗಳನ್ನು ಬಿಡಿಸಿಕೊಳ್ಳುವ ಹೊತ್ತು. ಅದಕ್ಕೆ ಜಾಲದಲ್ಲಿ ಮದ್ದಿಲ್ಲ.

ನಿಜವಾಗಿ ಉಪಯೋಗಕ್ಕೆ ಬಂದದ್ದು ಎರಡು ಸಾದಾ ಕೆಲಸಗಳು. ಮರುದಿನ ಬೇಕಾಗುವ ದೊಡ್ಡ ಫೈಲುಗಳನ್ನು ಹಿಂದಿನ ಸಂಜೆಯೇ ಪ್ರತಿ ಯಂತ್ರದ ಸ್ವಂತ ಡಿಸ್ಕಿಗೆ ನಕಲು ಮಾಡಿಡುವುದು. ಮತ್ತು ಪ್ರೆಸೆಂಟೇಶನ್ನಿನ ಚಿತ್ರಗಳನ್ನು ಪರದೆಗೆ ಬೇಕಾದಷ್ಟೇ ಗಾತ್ರಕ್ಕೆ ಕಿರಿದಾಗಿಸುವುದು. 40 ಎಂಬಿಯ ನನ್ನ ಫೈಲ್ 6 ಎಂಬಿಗೆ ಇಳಿಯಿತು. ಇದನ್ನು ಮೊದಲೇ ಮಾಡಬಹುದಿತ್ತಲ್ಲ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಸರ್ವರಿನ ಜಾಲದ ಕಾರ್ಡ್ ಸೆಕೆಂಡಿಗೆ 1000 ಮೆಗಾಬಿಟ್‌ನದು, ಸ್ವಿಚ್ ಮಾತ್ರ 100ರದು. ಸ್ವಿಚ್ ಬದಲಿಸಿದರೆ ಆಗುವ ಲಾಭವನ್ನು ಮಕ್ಕಳ ನಕ್ಷೆಯ ಸಮೇತ ಮುಖ್ಯೋಪಾಧ್ಯಾಯರಿಗೆ ಬರೆದುಕೊಟ್ಟಿದ್ದೇನೆ.

ಹಾಗಾದರೆ ಗಾತ್ರ ಬದಲಿಸಿದ್ದು ದಂಡವೇ? ಅಲ್ಲ. ಒಬ್ಬರೇ ಕೂತು ಕೆಲಸ ಮಾಡುವ ಶಿಕ್ಷಕರಿಗೆ, ಸಂಜೆ ನಕಲು ಮಾಡುವಾಗ, ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. 40,960 ಕೋರಿಕೆಗಳ ಬದಲು 160ಕ್ಕೆ ಉತ್ತರಿಸುವ ಸರ್ವರಿಗೂ ದಣಿವು ಕಡಿಮೆ. ಕೋರಿಕೆಗಳನ್ನು ನೋಡಿಕೊಳ್ಳುವ ಕೆಲಸಗಾರ ಎಳೆಗಳು ಲಿನಕ್ಸ್ ಸರ್ವರಿನಲ್ಲಿ ಬಹಳ ಕಾಲದಿಂದ ತಾನಾಗಿ ಎಂಟೇ ಇರುತ್ತಿದ್ದವು. ಹನ್ನೆರಡು ಯಂತ್ರಗಳು ಮುತ್ತಿದಾಗ ಅದೂ ಅಡ್ಡಿಯಾಗಬಹುದೆಂದು ನಾವು ಹದಿನಾರಕ್ಕೆ ಏರಿಸಿದೆವು. ನಮ್ಮಲ್ಲಿ ಅಡ್ಡಿ ತಂತಿಯದೇ ಆದ್ದರಿಂದ ಸಮಯ ಬದಲಾಗಲಿಲ್ಲ. ಮಕ್ಕಳು ಟೈಪ್ ಮಾಡಿ ಉಳಿಸುವ 20 ಕೆಬಿಯ ಫೈಲುಗಳಿಗಂತೂ ದೊಡ್ಡ ಗಾತ್ರದಿಂದ ಹೇಳಿಕೊಳ್ಳುವ ಲಾಭ ಕಾಣಲಿಲ್ಲ. ಬರೆಯುವಾಗ ಇನ್ನೊಂದು ಅಂಶವೂ ಇದೆ: ಎರಡನೇ ಆವೃತ್ತಿಯಲ್ಲಿ ಪ್ರತಿ ಬರಹವೂ ಡಿಸ್ಕಿಗೆ ಇಳಿದ ಮೇಲೆಯೇ ಸರ್ವರ್ "ಆಯಿತು" ಎನ್ನಬೇಕಿತ್ತು. ಮೂರನೆಯದರಿಂದ ಮೊದಲು ಸ್ವೀಕರಿಸಿ, ಕೊನೆಗೊಮ್ಮೆ ಖಾತರಿ ಕೊಡುವ ಅವಕಾಶ ಬಂತು. ಗಂಟೆ ಹೊಡೆದಾಗ ಎಲ್ಲರೂ ಒಟ್ಟಿಗೆ ಉಳಿಸಲು ಹೊರಟರೆ ಆಗುವ ತಡೆಗೆ ಡಿಸ್ಕೂ ಪಾಲುದಾರ.

ಇದನ್ನು ಪಾಠವಾಗಿ ಬಳಸಬಯಸುವ ಸಹಪಾಠಿಗಳಿಗೆ ಒಂದೆರಡು ಮಾತು. ನೋಟ್‌ಬುಕ್ಕಿನ ಚಟುವಟಿಕೆಗೆ ಮತ್ತು ನಕ್ಷೆಗೆ ಒಂದು ಪೂರ್ತಿ ಅವಧಿ ಬೇಕು, ಅಳತೆಗೆ ಇನ್ನೊಂದು. ನಾನು ಎರಡನ್ನೂ ಒಂದರಲ್ಲಿ ತುರುಕಲು ಹೋಗಿ ಅಳತೆಯ ಅರ್ಧ ಭಾಗವನ್ನು ಊಟದ ಬಿಡುವಿನಲ್ಲಿ ಮುಗಿಸಬೇಕಾಯಿತು. ಸಂಭವನೀಯತೆಯ ಭಾಗ 10ನೇ ತರಗತಿಗೆ ಹೆಚ್ಚು ಹೊಂದುತ್ತದೆ. 9ರಲ್ಲಿ ಘಾತಗಳನ್ನು ಕ್ಯಾಲ್ಕುಲೇಟರಿನಲ್ಲಿ ಮಾಡಿಸಿದರೆ ಸಾಕು. ಕಂಪ್ಯೂಟರ್ ಇಲ್ಲದ ಶಾಲೆಯಲ್ಲೂ ನೋಟ್‌ಬುಕ್ಕಿನ ಭಾಗವನ್ನು ವಿಲೋಮ ಅನುಪಾತದ ಪಾಠಕ್ಕೆ ಹಾಗೇ ಎತ್ತಿಕೊಳ್ಳಬಹುದು. ಎಫ್‌ಸ್ಟ್ಯಾಬನ್ನು ಮುಟ್ಟುವ ಮೊದಲು ಅದರ ಒಂದು ಪ್ರತಿ ತೆಗೆದಿಡಿ. ಅಲ್ಲಿ ಒಂದು ಅಕ್ಷರ ತಪ್ಪಿದರೆ ಮರುದಿನ ಯಂತ್ರ ಸರಿಯಾಗಿ ಶುರುವಾಗದೆ ಇರಬಹುದು, ಆಗ ನಿಮ್ಮ ವೀಕ್ಷಣೆಯ ಪಾಠಕ್ಕೆ ಕರಿಹಲಗೆಯೇ ಗತಿ.

ಬೋಧನಾಭ್ಯಾಸದ ಕೊನೆಯ ವಾರ ಆ ಹನ್ನೆರಡು ಯಂತ್ರಗಳ ಎಫ್‌ಸ್ಟ್ಯಾಬಿನಿಂದ ಆರ್‌ಸೈಜ್, ಡಬ್ಲ್ಯೂಸೈಜ್ ಎರಡನ್ನೂ ತೆಗೆದುಹಾಕಿದೆ. ಏನೂ ಬರೆಯದಿದ್ದರೆ ಕ್ಲೈಂಟ್ ಮತ್ತು ಸರ್ವರ್ ಇಬ್ಬರಿಗೂ ಸಾಧ್ಯವಾದ ದೊಡ್ಡ ಗಾತ್ರಕ್ಕೆ ತಾವೇ ಒಪ್ಪಿಕೊಳ್ಳುತ್ತವೆ. ನಮ್ಮಲ್ಲಿ ಅದು ಆ 2,62,144ಕ್ಕೇ ಬಂದು ನಿಂತಿತು. ನಾಳೆ ಯಾರಾದರೂ ಸರ್ವರಿಗೆ ಮೆಮೊರಿ ಹಾಕಿಸಿದರೆ ಅದು ತಾನಾಗಿ ಏರುತ್ತದೆ. ತೆಗೆದ ಸಾಲಿನ ಜಾಗದಲ್ಲಿ ಟಿಪ್ಪಣಿಯಾಗಿ ದಿನಾಂಕ ಹಾಕಿ, ಹಿಂದೆ ಇಲ್ಲಿ 1024 ಯಾಕಿತ್ತು, ಈಗ ಯಾಕೆ ತೆಗೆದೆವು ಎಂದು ಬರೆದಿದ್ದೇವೆ. ಟೈಪ್ ಮಾಡಿದವಳು ಆ ಕಿಟಕಿ ಪಕ್ಕದ ಹುಡುಗಿ.